ಚುಕ್ಕೆ ಇಟ್ಟ ಕಾಯಿ

ತಿಪಟೂರು
9 ನವೆಂಬರ್ 2003, ಭಾನುವಾರ

ಪ್ರೀತಿಯ ತಮ್ಮ ತಿಮ್ಮೂ,

ಹೇಗಿದ್ದೀಯಪ್ಪ? ಹನ್ನೊಂದು ವರ್ಷದಿಂದ ಕೇಳಬೇಕೆಂದಿದ್ದ ಮಾತು ಇದು. ಯಾವ ವಿಳಾಸಕ್ಕೆ ಕೇಳಬೇಕೆಂದು ಗೊತ್ತಿರಲಿಲ್ಲ. ನಿನ್ನ ಬಲಭುಜದ ನೋವು ಈಗಲೂ ಇದೆಯೆ? ಅಂಗೈ ಒಡೆಯುವುದು ನಿಂತಿದೆಯೆ? ರಾಣೆಬೆನ್ನೂರಿನ ಕಡೆ ಜೋಳದ ರೊಟ್ಟಿಯ ಊಟವಲ್ಲವೆ, ನಿನಗೆ ಒಗ್ಗಿತೆ? ಮುದ್ದೆ ಇಲ್ಲದಿದ್ದರೆ ತಟ್ಟೆಯನ್ನೇ ದೂರ ತಳ್ಳುತ್ತಿದ್ದವನು ನೀನು. ಅವ್ವ ನನ್ನ ಜೊತೆಯಲ್ಲೇ ಇದ್ದಾಳೆ, ಚೆನ್ನಾಗಿದ್ದಾಳೆ. ಹೋದ ಬೇಸಿಗೆಯಲ್ಲಿ ಎಡಗಣ್ಣಿನ ಪೊರೆ ತೆಗೆಸಿದೆವು. ಕಣ್ಣು ತಿಳಿಯಾದ ಮೇಲೆ ಅವಳು ನನ್ನನ್ನು ನೋಡಿ ಮೊದಲು ಕೇಳಿದ್ದು, ನಿನ್ನ ತಲೆ ಇಷ್ಟೊಂದು ಬೆಳ್ಳಗಾದದ್ದು ಯಾವಾಗ ಎಂದು. ಈಗ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ನಾನು ಬರೆಯುತ್ತಿರುವುದು ಬಹಳ ಉದ್ದವಾಯಿತೆಂದು ಅವಳಿಗೆ ಅಸಮಾಧಾನ. "ಅದೇನ್ ಪುರಾಣ ಬರೀತೀಯೇ, ಬಾ ಅಂತ ಎಲ್ಡಕ್ಷರ ಬರ್ದು ಹಾಕ್‌ಬಾರ್ದಾ" ಎನ್ನುತ್ತಾಳೆ. ಆ ಎರಡಕ್ಷರ ಬರೆಯುವ ಮೊದಲು ನಾನು ಹೇಳಬೇಕಾದದ್ದು ಬಹಳ ಇದೆ ತಿಮ್ಮೂ. ಸ್ವಲ್ಪ ತಾಳಿಕೊಂಡು ಓದು.

ನಿನ್ನ ವಿಳಾಸ ದುರ್ಗಯ್ಯನಿಂದ ಸಿಕ್ಕಿತು. ನಮ್ಮ ಹಂದನಕೆರೆ ಮನೆಯಲ್ಲಿ ಕಾಯಿ ಸುಲಿದು ಒಡೆಯುತ್ತಿದ್ದ ದುರ್ಗಯ್ಯ ಈಗ ಕೊಬ್ಬರಿ ಲಾರಿಯ ಜೊತೆ ಹೋಗುತ್ತಾನೆ. ಉತ್ತರದ ಕಡೆ ಲೋಡು ಇಳಿಸಿ ವಾಪಸು ಬರುವಾಗ ಹತ್ತಿಕಾಳಿನ ಹಿಂಡಿ ತುಂಬಿಸಿಕೊಳ್ಳಲು ನೀನು ಕಾವಲಿರುವ ಆ ಗೋದಾಮಿನ ಮುಂದೆ ನಿಂತರಂತೆ. ಗೇಟು ತೆಗೆದವನು ನೀನು. ಮುಖದ ತುಂಬ ಗಡ್ಡವಿದ್ದರೂ ಅವನು ನಿನ್ನನ್ನು, ಕತ್ತು ಓರೆ ಮಾಡಿ ಕಿವಿ ಕೊಡುವ ರೀತಿಯಿಂದ ಗುರುತು ಹಿಡಿದನಂತೆ. ಅಪ್ಪ ತೀರಿಕೊಂಡು ಐದು ವರ್ಷವಾಯಿತೆಂದು ಅವನು ಹೇಳಿದಾಗ ನೀನು ತಲೆ ತಗ್ಗಿಸಿದೆಯಂತೆ. ಆಮೇಲೆ ಗೇಟಿನ ಬೀಗ ಎಳೆದು ನೋಡಿದೆಯಂತೆ. ನಾಲ್ಕು ಹೆಜ್ಜೆ ಬಂದು ಮತ್ತೆ ಹೋಗಿ ಎಳೆದೆಯಂತೆ. ಲಾರಿ ತುಂಬುವಷ್ಟರಲ್ಲಿ ಎಷ್ಟು ಸಲ ಎಳೆದೆ ಎಂಬುದು ದುರ್ಗಯ್ಯನಿಗೆ ಲೆಕ್ಕ ಸಿಗಲಿಲ್ಲ. ಇದನ್ನು ಹೇಳುವಾಗ ಅವನು ನಗಲಿಲ್ಲ. ಹಿಂದೆ ನಗುತ್ತಿದ್ದ, ನಾವೆಲ್ಲರೂ ನಗುತ್ತಿದ್ದೆವು. ತೆಂಗಿನ ಮರವೇ ಇಲ್ಲದ ಊರು ಹುಡುಕಿಕೊಂಡು ನೀನು ಹೋದೆ ಎಂದು ನನಗೆ ಆಗ ಅರ್ಥವಾಯಿತು. ಅಲ್ಲಿ ಕಾಯಿ ಇಲ್ಲದಿದ್ದರೆ ಏನು, ಮತ್ತೆ ಮತ್ತೆ ನೋಡುವ ಆ ಕಾಟ ಈಗ ಬೀಗವನ್ನು ಹಿಡಿದುಕೊಂಡಿದೆ. ಹೊರಡುವ ಹೊತ್ತಿಗೆ ನೀನು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ. ಅವ್ವನ ಬಗ್ಗೆ ಕೇಳಲಿಲ್ಲ, ನನ್ನ ಬಗ್ಗೆ ಕೇಳಲಿಲ್ಲ. "ಅಟ್ಟದಾಗೆ ಆ ಚುಕ್ಕೆ ಕಾಯಿ ಇತ್ತಲ್ಲ ದುರ್ಗಯ್ಯ, ಅದನ್ನ ಒಡುದ್ರಾ?" ದುರ್ಗಯ್ಯನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತು. ಅದರ ಮಾತು ಕೊನೆಗೆ ಬರೆಯುತ್ತೇನೆ, ಧೈರ್ಯ ಉಳಿದಿದ್ದರೆ.

ನಿನಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ನಲವತ್ತಾರನೆಯ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿನಿಯಾದೆ. ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ಕನ್ನಡ ಪಾಠ ಮಾಡಿದವಳಿಗೆ, ಮಂಕಾಗಿರುವ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿಸುವ ಕೆಲಸವನ್ನೂ ವಹಿಸಿದರು. ಕವಿತೆ ಓದುವವರಿಗೆ ಮನಸ್ಸು ತಿಳಿಯುತ್ತದೆಂದು ಪ್ರಿನ್ಸಿಪಾಲರ ನಂಬಿಕೆ. ನನಗೆ ಆ ನಂಬಿಕೆ ಇರಲಿಲ್ಲ. ಅಂಚೆ ಮೂಲಕ ಮನಶ್ಶಾಸ್ತ್ರದ ಎಂ.ಎ.ಗೆ ಸೇರಿಕೊಂಡೆ. ಮೊದಲ ಪುಸ್ತಕವೇ ವ್ಯಕ್ತಿತ್ವದ ಬಗ್ಗೆ. ಮನುಷ್ಯ ಏಕೆ ಹೀಗಿರುತ್ತಾನೆ ಎಂಬುದಕ್ಕೆ ಎಷ್ಟೊಂದು ಉತ್ತರಗಳು! ಹಳಬರು ಮೈಯೊಳಗಿನ ನಾಲ್ಕು ರಸಗಳಿಂದ ಸ್ವಭಾವ ಎಂದರು. ಒಬ್ಬರು ಮೈಕಟ್ಟು ನೋಡಿ ಗುಣ ಹೇಳಿದರು, ಅವರ ಪ್ರಕಾರ ನಿನ್ನಂಥ ತೆಳ್ಳನೆಯ ಉದ್ದ ಆಳು ಮಾತು ಕಡಿಮೆಯವನು. ಇನ್ನೊಬ್ಬರಿಗೆ ಮನಸ್ಸೆಂದರೆ ಬಹುಪಾಲು ಕತ್ತಲಲ್ಲೇ ಇರುವಂಥದ್ದು, ಎಳೆತನದ ಭಯ ಆಸೆಗಳೆಲ್ಲ ಅಲ್ಲಿ ಕೂತು ನಮ್ಮ ಕೈಕಾಲು ಆಡಿಸುತ್ತವೆ. ಮತ್ತೊಬ್ಬರು, ಅದೆಲ್ಲ ಇಲ್ಲ, ಯಾವ ಕೆಲಸಕ್ಕೆ ಶಹಬ್ಬಾಸ್ ಸಿಕ್ಕಿತೋ ಅದನ್ನೇ ಮನುಷ್ಯ ಮತ್ತೆ ಮತ್ತೆ ಮಾಡುತ್ತಾನೆ ಎಂದರು. ಗುಣಗಳನ್ನು ಅಳತೆಗೋಲಿನ ಮೇಲೆ ಇಟ್ಟವರೂ ಇದ್ದಾರೆ, ಅಚ್ಚುಕಟ್ಟು ಎಂಬುದಕ್ಕೂ ಒಂದು ಅಳತೆ. ಪ್ರತಿ ಅಧ್ಯಾಯ ಓದುವಾಗಲೂ ನೀನೇ ಎದುರಿಗೆ ಬಂದು ನಿಲ್ಲುತ್ತಿದ್ದೆ. ಶಹಬ್ಬಾಸ್ ಎಂಬ ಮಾತು ಬಂದಾಗ ಮಾತ್ರ ನಾನು ಪುಸ್ತಕ ಮುಚ್ಚಿ ಹಿತ್ತಲಿಗೆ ಹೋದೆ.

ಏಕೆಂದರೆ ನಿನಗೆ ಶಹಬ್ಬಾಸ್ ಕೊಟ್ಟವರು ನಾವು. ಕಾಯಿಗಳನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಟ್ಟು, ಒಳಗಿನ ನೀರು ಬತ್ತಿ ತಿರುಳು ಗಿಟಕಾಗಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಒಡೆದರೆ ಮಾತ್ರ ಕೊಬ್ಬರಿ ಉಂಡೆಯಾಗಿ ಬರುತ್ತದೆ, ಮೊದಲೇ ಒಡೆದರೆ ಅಂಟಿಕೊಂಡು ಚೂರಾಗುತ್ತದೆ. ಅದನ್ನು ಹೊರಗಿನಿಂದ ತಿಳಿಯುವುದಕ್ಕೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದೊಂದೇ ದಾರಿ, ಒಳಗೆ ಉಂಡೆ ಉರುಳಿದ ಸದ್ದಾದರೆ ಕಾಯಿ ಆಗಿದೆ ಎಂದು ಅರ್ಥ. ಎಲ್ಲರೂ ಒಂದು ಸಲ ಅಲ್ಲಾಡಿಸಿ ಹಾಕುತ್ತಿದ್ದರೆ ನೀನು ಮೂರು ಸಲ ಅಲ್ಲಾಡಿಸುತ್ತಿದ್ದೆ. ನೀನು ಆರಿಸಿದ ಕಾಯಲ್ಲಿ ಒಂದೂ ಹುಸಿ ಹೋಗಲಿಲ್ಲ. ಅಪ್ಪ ಹೆಮ್ಮೆಯಿಂದ ಬೀಗಿದ. "ನಮ್ ತಿಮ್ಮನಂಥ ಕಿವಿ ಈ ಹೋಬಳೀಲೇ ಇಲ್ಲ ಕಣ್ರೀ" ಎಂದು ಊರಿಗೆಲ್ಲ ಸಾರಿದ. ಪಕ್ಕದ ಮನೆಯವರು ಕರೆದರೆಂದು ಅವರ ಅಟ್ಟಕ್ಕೂ ಕಳಿಸಿದ, ಆಚೆ ಬೀದಿಯ ಅಟ್ಟಕ್ಕೂ ಕಳಿಸಿದ. ಮೂರು ಸಲ ಅಲ್ಲಾಡಿಸುತ್ತಿದ್ದದ್ದು ಐದಾಯಿತು, ಏಳಾಯಿತು. ಊಟಕ್ಕೆ ಕರೆದರೆ ಇಳಿದು ಬಂದು, ಕೈ ತೊಳೆದು, ಮತ್ತೆ ಏಣಿ ಹತ್ತುತ್ತಿದ್ದೆ. ಅವ್ವ ಸಾರು ಬಿಸಿ ಮಾಡಿ ಮಾಡಿ ಸೋತಳು. ಕೇಳಿದ ಕಾಯಿಗೆ ಗುರುತಿರಲೆಂದು ಇದ್ದಿಲಿನಿಂದ ಚುಕ್ಕೆ ಇಡಲು ಶುರು ಮಾಡಿದೆ. ಆಮೇಲೆ, ಚುಕ್ಕೆ ಇಟ್ಟದ್ದು ಕೇಳಿದ ಮೇಲೋ ಕೇಳುವ ಮೊದಲೋ ಎಂಬ ಅನುಮಾನ. ಅದಕ್ಕೆ ಇನ್ನೊಂದು ಚುಕ್ಕೆ. ನಿನಗೆ ಹೆಣ್ಣು ನೋಡಲು ಹೊರಟ ದಿನ ಬಾಡಿಗೆ ಕಾರು ಬಾಗಿಲಲ್ಲಿ ನಿಂತಿತ್ತು, ನೀನು ಹೊಸ ಪಂಚೆಯಲ್ಲೇ ಅಟ್ಟ ಹತ್ತಿದ್ದೆ. "ಹೆಣ್ಣು ತೋರ್ಸಿದ್ರೂ ಕಿವಿಗಿಟ್ಟು ಅಲ್ಲಾಡ್ಸಿ ನೋಡಾನು ಇವ್ನು" ಎಂದು ದುರ್ಗಯ್ಯ ಅಂದ. ಕಾರಿನಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ನನ್ನ ತಪ್ಪು ಅವರೆಲ್ಲರ ತಪ್ಪಿಗಿಂತ ದೊಡ್ಡದು. ಬಿ.ಎಡ್. ಓದುವಾಗ ಒಬ್ಬ ವ್ಯಕ್ತಿಯನ್ನು ಗಮನಿಸಿ ವರದಿ ಬರೆಯಬೇಕಿತ್ತು. ನಾನು ನಿನ್ನನ್ನು ಬರೆದೆ. ಆ ನೋಟುಬುಕ್ಕು ಹಳೆಯ ಟ್ರಂಕಿನಲ್ಲಿ ಸಿಕ್ಕಿತು. "ಈತ ಸ್ವಭಾವತಃ ಅಂತರ್ಮುಖಿ. ಹಿಡಿದ ಕೆಲಸವನ್ನು ಪರಿಪೂರ್ಣವಾಗಿ ಮಾಡುವ ಕರ್ತವ್ಯನಿಷ್ಠ ವ್ಯಕ್ತಿತ್ವ. ಹೊಂದಾಣಿಕೆಯ ಸಮಸ್ಯೆಗಳಿಲ್ಲ." ಕೆಳಗೆ ಕೆಂಪು ಶಾಯಿಯಲ್ಲಿ ಉತ್ತಮ ಎಂದು ಬರೆದಿದ್ದಾರೆ. ಅದನ್ನು ನಿನಗೆ ಓದಿ ಹೇಳಿದ್ದೆ, ನೆನಪಿದೆಯೆ? ನೀನು ನಾಚಿಕೊಂಡಿದ್ದೆ. ಹತ್ತು ವರ್ಷ ಕಳೆದು, ತೊಂಬತ್ತೆರಡರ ದೀಪಾವಳಿಗೆ ನಾನು ಊರಿಗೆ ಬಂದಾಗ, ನೀನು ನನ್ನನ್ನು ಏಣಿಯ ಬುಡಕ್ಕೆ ಕರೆದೆ. ನಿನ್ನ ಕಿವಿಯ ಅಂಚು ಕೆಂಪಗೆ ತರಚಿತ್ತು. ನೀನು ಅಂದದ್ದು ಅಕ್ಷರ ಬಿಡದೆ ನೆನಪಿದೆ. "ಅಕ್ಕಾ, ನೀನು ಓದಿದೋಳು. ನಂಗೆ ನಿಲ್ಸಾಕೆ ಆಯ್ತಿಲ್ಲ ಕಣಕ್ಕ. ಸಾಕು ಅಂತ ನಂಗೇ ಗೊತ್ತು, ಕೈ ಕೇಳಲ್ಲ." ನಾನು ಮುಗುಳ್ನಕ್ಕು, ಅದು ನಿನ್ನ ಸ್ವಭಾವ ಕಣೋ, ಚಿಕ್ಕಂದಿನಿಂದಲೂ ನೀನು ಹಾಗೇ, ಸ್ವಭಾವಕ್ಕೆ ಯಾರು ಏನು ಮಾಡೋಕಾಗುತ್ತೆ ಬಿಡು ಎಂದೆ. ನೀನು ಅಂಗೈ ನೋಡಿಕೊಂಡು ಕೇಳಿದೆ. "ಹಂಗಾದ್ರೆ ಸಾಯೋಗಂಟ ಹಿಂಗೇನಾ?" ಅದಕ್ಕೆ ನಾನು ಏನು ಹೇಳಿದೆನೋ ನೆನಪಿಲ್ಲ. ಹದಿನೈದು ದಿನಕ್ಕೆ, ನೀನು ಬೆಳಿಗ್ಗೆ ಹಾಲು ಹಾಕಿ ಬರಲು ಹೋದವನು ವಾಪಸು ಬರಲಿಲ್ಲವೆಂದು ಅಪ್ಪನ ಕಾಗದ ಬಂತು.

ವ್ಯಕ್ತಿತ್ವದ ಪುಸ್ತಕ ಮುಗಿದ ಮೇಲೆ ಮನೋರೋಗಗಳ ಪುಸ್ತಕ ಬಂತು. ಅದರಲ್ಲಿ ಒಂಬತ್ತನೆಯ ಅಧ್ಯಾಯಕ್ಕೆ ಗೀಳು ರೋಗ ಎಂದು ಹೆಸರು. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಮೂರು ಮೂರು ಸಲ ಮನೆಗೆ ಓಡುವ ಹೆಂಗಸಿನ ಉದಾಹರಣೆ ಕೊಟ್ಟಿದ್ದರು. ಸ್ಟಾಫ್ ರೂಮಿನಲ್ಲಿ ಓದುತ್ತಿದ್ದೆ. ಪುಟದ ಮೇಲೆ ನಮ್ಮ ಅಟ್ಟವೇ ಕಂಡಿತು. ಸ್ವಭಾವಕ್ಕೂ ರೋಗಕ್ಕೂ ಗೆರೆ ಎಲ್ಲಿ ಎಂಬುದನ್ನು ಅವರು ಬಹಳ ಸರಳವಾಗಿ ಹೇಳಿದ್ದರು. ಸ್ವಭಾವ ತನ್ನದೆನಿಸುತ್ತದೆ, ಅದರೊಳಗೆ ಮನುಷ್ಯ ವಾಸ ಮಾಡುತ್ತಾನೆ. ಗೀಳು ಹಾಗಲ್ಲ, ಬೇಡ ಬೇಡವೆಂದರೂ ಬಂದು ಕೂರುತ್ತದೆ, ಊಟ ನಿದ್ದೆ ದಿನ ಎಲ್ಲವನ್ನೂ ತಿನ್ನುತ್ತದೆ, ಸಾಕು ಎಂದು ತಿಳಿದಿದ್ದೂ ನಿಲ್ಲಿಸಲಾಗುವುದಿಲ್ಲ. ಏಣಿಯ ಬುಡದಲ್ಲಿ ನಿಂತು ನೀನು ಹೇಳಿದ್ದೂ ಅದನ್ನೇ ಅಲ್ಲವೆ? ಯಾವ ಪುಸ್ತಕವೂ ಇಲ್ಲದೆ, ಒಂದೇ ಉಸಿರಿನಲ್ಲಿ, ಆ ಪುಸ್ತಕಕ್ಕಿಂತ ಸ್ಪಷ್ಟವಾಗಿ ಹೇಳಿದ್ದೆ. ಅದು ನೀನಲ್ಲ ಎಂದು ನೀನು ಹೇಳಲು ಬಂದಿದ್ದೆ, ಅದೇ ನೀನು ಎಂದು ನಾನು ಹೇಳಿ ಕಳಿಸಿದೆ. ಜೀವಮಾನವೆಲ್ಲ ಕವಿತೆಯ ಸಾಲುಗಳಲ್ಲಿ ಹೇಳದೆ ಉಳಿದದ್ದನ್ನು ಹುಡುಕಿದವಳಿಗೆ ಹೇಳಿದ ಮಾತೇ ಕೇಳಿಸಲಿಲ್ಲ.

ಅಪ್ಪನನ್ನು ಬೈಯಬೇಡ ತಿಮ್ಮೂ. ನೀನು ಹೋದ ಮೇಲೆ ಅವನು ಅಟ್ಟಕ್ಕೆ ಬೇರೆ ಯಾರನ್ನೂ ಹತ್ತಿಸಲಿಲ್ಲ. ಮಂಡಿ ನೋವಿನಲ್ಲೂ ತಾನೇ ಹತ್ತಿ ಒಂದೊಂದೇ ಕಾಯಿ ಕಿವಿಗೆ ಹಿಡಿಯುತ್ತಿದ್ದ. ಕೊನೆಯ ವರ್ಷ ಅವನಿಗೆ ಕಿವಿ ಪೂರ್ತಿ ಮಂದವಾಗಿತ್ತು, ಆದರೂ ಹಿಡಿಯುತ್ತಿದ್ದ. "ನಾನೇ ಹೆಚ್ಗೆ ಕೆಲ್ಸ ಹೇರ್ಬುಟ್ನೇನೋ ಕಣವ್ವಾ" ಎಂದು ಒಂದೇ ಒಂದು ಸಲ ನನ್ನ ಹತ್ತಿರ ಅಂದ. ಅವನು ರೋಗವನ್ನು ಹೊಗಳಿದ, ನಿಜ. ಹೊಗಳಿದ್ದು ಮಗನನ್ನೇ ಎಂದುಕೊಂಡಿದ್ದ.

ಈಗ ಮುಖ್ಯವಾದ ಮಾತು. ತುಮಕೂರಿನಲ್ಲಿ ಒಬ್ಬ ಮನೋವೈದ್ಯೆ ಇದ್ದಾರೆ. ನಿನ್ನ ಹೆಸರು ಹೇಳದೆ ಎಲ್ಲವನ್ನೂ ಹೇಳಿದೆ. ಇದು ಹುಚ್ಚಲ್ಲ, ಶಾಪವಲ್ಲ, ಸ್ವಭಾವವಂತೂ ಅಲ್ಲ ಎಂದರು. ಮಾತ್ರೆ ಇದೆಯಂತೆ. ಮಾತ್ರೆಯ ಜೊತೆಗೆ ಅಭ್ಯಾಸವೂ ಇದೆಯಂತೆ, ಒಂದು ಸಲ ನೋಡಿ ಮತ್ತೆ ನೋಡದೆ ಇರುವುದು, ಆಗ ಏಳುವ ಸಂಕಟವನ್ನು ಅದು ತಾನಾಗಿ ಇಳಿಯುವವರೆಗೆ ತಾಳಿಕೊಳ್ಳುವುದು. ಬಹಳ ಕಷ್ಟ, ಆದರೆ ಇಳಿಯುತ್ತದೆ ಎಂದರು. ಪೂರ್ತಿ ಹೋಗುತ್ತದೆಂದು ಅವರೂ ಮಾತು ಕೊಡಲಿಲ್ಲ, ನಾನೂ ಕೊಡುವುದಿಲ್ಲ. ಸಾಯುವ ತನಕ ಹೀಗೇ ಇರಬೇಕಾಗಿಲ್ಲ ಎಂದಷ್ಟೇ ಹೇಳಬಲ್ಲೆ. ನೀನು ಕೇಳಿದ ಪ್ರಶ್ನೆಗೆ ಉತ್ತರ ಹನ್ನೊಂದು ವರ್ಷ ತಡವಾಯಿತು, ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಕ್ಷಮೆ ಕೇಳುವುದು ಸುಲಭ, ಅದಕ್ಕೆ.

ಅವ್ವ ನಿನಗೆ ಆಶೀರ್ವಾದ ಬರೆಯಲು ಹೇಳಿದಳು. ನಿಪ್ಪಟ್ಟು ಕರೆದು ಡಬ್ಬಿಗೆ ಹಾಕಿದ್ದಾಳಂತೆ, ಮೆತ್ತಗಾದರೆ ತನ್ನನ್ನು ಕೇಳಬಾರದಂತೆ. ನಿನ್ನ ಭಾವ ನಿನ್ನನ್ನು ಬಹಳ ಕೇಳಿದ್ದಾರೆ, ಮೇಲಿನ ಕೋಣೆಗೆ ಸುಣ್ಣ ಹೊಡೆಸಿದ್ದಾರೆ. ಚಳಿ ಶುರುವಾಯಿತು, ಕಿವಿಗೆ ಬಟ್ಟೆ ಕಟ್ಟಿಕೋ.

ನಿನ್ನ
ಮಂಗಳಕ್ಕ

ಮರೆಯುವ ಮೊದಲು, ಅಂಚೆಗೆ ಹೊತ್ತಾಯಿತು: ಆ ಕಾಯಿಯನ್ನು ಒಡೆದಿಲ್ಲ. ಅಟ್ಟ ಖಾಲಿ ಮಾಡುವಾಗ ಮೈತುಂಬ ಚುಕ್ಕೆಯಾಗಿ ಕರ್ರಗಿದ್ದದ್ದನ್ನು ನಾನು ತಂದೆ. ಕವನ ಸಂಕಲನಗಳ ಪಕ್ಕದಲ್ಲಿದೆ. ದೀಪಾವಳಿಯ ಆ ದಿನ ನೀನು ಅದನ್ನೇ ನನ್ನ ಕೈಗೆ ಕೊಟ್ಟು, ನೀನು ಒಂದು ಸಲ ಕೇಳಿ ಹೇಳು, ನಿನ್ನ ಮಾತು ನಂಬುತ್ತೇನೆ ಎಂದಿದ್ದೆ. ಬಸ್ಸಿಗೆ ಹೊತ್ತಾಗಿತ್ತು. ಆಗಿದೆ ಬಿಡು ಎಂದೆ. ನಾನು ಅದನ್ನು ಅಲ್ಲಾಡಿಸಿಯೇ ಇರಲಿಲ್ಲ. ನೀನು ನೋಡುತ್ತಿದ್ದೆ, ನಿನಗೆ ಗೊತ್ತು. ಮೊನ್ನೆ ದುರ್ಗಯ್ಯ ಅದನ್ನು ಕಿವಿಗೆ ಹಿಡಿಯಲು ಹೋದ, ಕಿತ್ತುಕೊಂಡೆ. ಇವತ್ತಿಗೂ ಕೇಳಿಲ್ಲ. ಆಗಿದೆಯೋ ಇಲ್ಲವೋ ಹೇಳುವುದಿಲ್ಲ. ಹಾಗೆ ಹೇಳಿ ಸಮಾಧಾನ ಮಾಡಿದರೆ ಗೀಳು ಇನ್ನೂ ಬೆಳೆಯುತ್ತದಂತೆ. ಇದೇ 23ರ ಭಾನುವಾರ ರೈಲಿಗೆ ಬರುತ್ತೇನೆ. ಗೇಟಿಗೆ ಬೀಗ ಹಾಕಿ ನನ್ನ ಜೊತೆ ಹೊರಡು. ಹಿಂದಿರುಗಿ ಎಳೆದು ನೋಡಬೇಕೆನಿಸಿದರೆ ನೋಡು, ಎಷ್ಟು ಸಲವಾದರೂ ಸರಿ. ಬೀಗ ಬಿದ್ದಿದೆ ಬಾ ಎಂದು ನಾನು ಹೇಳುವುದಿಲ್ಲ. ಈ ಸಲ ನನಗೆ ಯಾವ ಬಸ್ಸೂ ಇಲ್ಲ ತಿಮ್ಮೂ, ನಿಂತಿರುತ್ತೇನೆ.