ಕಿತ್ತಳೆ ಬಣ್ಣದ ಕೋಟು

ಅರ್ದೇಟ್ಸ್, ಸೆಪ್ಟೆಂಬರ್ ೧೪

ಪ್ರಿಯ ಗುದೆಂಚ್,

ಒಣಮಾಂಸ, ರೈ ರೊಟ್ಟಿ, ಉಣ್ಣೆಯ ಕಾಲುಚೀಲ ನಿನ್ನ ಬೇಟೆಯ ಗುಡಿಸಲಿಗೆ ಕಳಿಸಿದ್ದೇನೆ. ತರುತ್ತಿರುವವಳು ನಮ್ಮ ಮಹಡಿಯ ಬಾಡಿಗೆ ಕೋಣೆಯ ಕೊರ್ನೇಲಿಯಾ. ನಿನಗೆ ಪರಿಚಯ ಹೇಳಬೇಕಿಲ್ಲವಲ್ಲ. ಈ ಪತ್ರವೂ ಅವಳ ಕೈಯಲ್ಲೇ ಇದೆ. ನಮ್ಮ ಭಾಷೆ ಅವಳಿಗೆ ಓದಲು ಬರುವುದಿಲ್ಲ.

ಬೇಟೆಯ ತಿಂಗಳಲ್ಲಿ ಬೆಟ್ಟ ಹತ್ತುವವರಿಗೆ ಹೇಳುವುದನ್ನೆಲ್ಲ ಅವಳಿಗೂ ಹೇಳಿದ್ದೆ: ಜಿಂಕೆಯೆಂದು ಗುಂಡು ಹಾರಿಸದಂತೆ ಕಿತ್ತಳೆ ಬಣ್ಣ ತೊಡು, ದಾರಿ ಬಿಟ್ಟು ಹೋಗಬೇಡ, ಬೇಟೆಗಾರರ ಗುಡಿಸಲ ಬಳಿ ನಿಲ್ಲಬೇಡ, ಜಿಂಕೆಗಳು ಬೆದರುತ್ತವೆ. ಮೊದಲೆರಡನ್ನು ಪಾಲಿಸಿದಳು. ಮೊನ್ನೆ ಇಳಿದು ಬಂದವಳು, "ನಿಮ್ ಯಜಮಾನ್ರು ಎಷ್ಟ್ ಚೆನ್ನಾಗ್ ಮಾತಾಡ್ತಾರ್ರೀ" ಅಂದಳು. ಯಾರ ವಿಷಯ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಅವಳ ಟೋಪಿಯಲ್ಲಿ ನೀನು ಸಿಕ್ಕಿಸಿದ ಫರ್ ಮರದ ಚಿಗುರಿತ್ತು. ಬೇಟೆ ಬಿದ್ದ ದಿನ ಬೇಟೆಗಾರನ ಟೋಪಿಗೆ ಏರುವ ಚಿಗುರು ಅದು. ಅಂದು ಯಾವ ಜಿಂಕೆ ಬಿದ್ದಿತ್ತೆಂದು ನಾನು ಕೇಳಲಿಲ್ಲ.

ನಾಳೆ ಬುತ್ತಿ ನಾನೇ ತರುತ್ತೇನೆ. ನನ್ನ ಕಿತ್ತಳೆ ಕೋಟು ಅವಳ ಮೈಮೇಲಿದೆ, ನನಗೆ ಉಳಿದಿರುವುದು ಕಂದು ಬಣ್ಣದ್ದು. ಗುಂಡು ಹಾರಿಸುವ ಮುನ್ನ ದುರ್ಬೀನಿನಲ್ಲಿ ಜಿಂಕೆಯೋ ಹೆಂಡತಿಯೋ ಎಂದು ಸರಿಯಾಗಿ ನೋಡು. ಆ ನೆಪದಲ್ಲಾದರೂ ನನ್ನನ್ನು ನೋಡಿದಂತಾಗುತ್ತದೆ.

ನಿನ್ನ,
ಮೆಂಗಿಯಾ