ನಲವತ್ತೇಳನೆಯ ಹಾಳೆ

ಆಗಸ್ಟ್ 25, ಭಾನುವಾರ

ಗುಂಡ್ಲುಪೇಟೆ. ಊಟಿ ರಸ್ತೆಯ ಹೋಟೆಲು, ಮೇಲ್ಮಹಡಿ. ಎಸಿ ಕೆಟ್ಟಿತ್ತು. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಸೇವಾ ಕ್ಲಬ್ಬುಗಳಿಗೆ ಗ್ರಾಂಟ್ ತರಬೇತಿ. ಪ್ರತಿ ಕ್ಲಬ್ಬಿನಿಂದ ಇಬ್ಬರು ಪೂರ್ತಿ ದಿನ ಕೂತು ಸಹಿ ಹಾಕಿದರೆ ಮಾತ್ರ ಆ ವರ್ಷ ಕ್ಲಬ್ಬು ಗ್ರಾಂಟಿಗೆ ಅರ್ಹ. ಮೂರು ವರ್ಷದಿಂದ ಚಾಮರಾಜನಗರದ ಇಬ್ಬರಲ್ಲಿ ಒಬ್ಬ ನಾನು. ಪ್ರಿಂಟಿಂಗ್ ಪ್ರೆಸ್ಸಿನವನು, ಇಂಗ್ಲಿಷ್ ಫಾರಂ ಕಾಟು ಹಾಕದೆ ತುಂಬುತ್ತಾನೆ... ಅಷ್ಟೇ.

ಇನ್ನೊಬ್ಬರು ಅಧ್ಯಕ್ಷ ಶಿವರುದ್ರಸ್ವಾಮಿ. ಬದನಗುಪ್ಪೆಯಲ್ಲಿ ಪ್ಲಾಸ್ಟಿಕ್ ಕ್ರೇಟಿನ ಫ್ಯಾಕ್ಟರಿ ಅವರದು. ಊಟ ಮುಗಿಸಿ, ನಾಲ್ಕು ಗಂಟೆಯ ಸಹಿಯನ್ನೂ ಒಂದೂವರೆಗೇ ಹಾಕಿ ಎದ್ದರು.

"ಅಜ್ಮತ್ ಸಾಬ್ರೆ, ನೀವು ಕೇಳುಸ್ಕಂಡ್ರೆ ನಾನೂ ಕೇಳುಸ್ಕಂಡಂಗೇ ಕಣ್ರೀ."

ತರಬೇತಿಯ ಹೆಂಗಸು ಬೋರ್ಡಿನ ಮೇಲೆ ಬರೆದರು: ಮೊದಲು ಕೇಳಿ, ಆಮೇಲೆ ಯೋಜಿಸಿ. ಕೆಳಗೆ ಎರಡು ಗೆರೆ. ಎಲ್ಲರೂ ಬರೆದುಕೊಂಡರು. ನಾನೂ.

ಸೆಪ್ಟೆಂಬರ್ 3, ಮಂಗಳವಾರ

ಕ್ಲಬ್ ಮೀಟಿಂಗ್. ಯೋಜನೆ ಹನ್ನೊಂದು ನಿಮಿಷದಲ್ಲಿ ತೀರ್ಮಾನವಾಯಿತು. ಶುದ್ಧ ನೀರಿನ ಘಟಕ. ಯಾಕೆಂದರೆ ಪಕ್ಕದ ತಾಲ್ಲೂಕಿನ ಕ್ಲಬ್ಬಿಗೆ ಹೋದ ವರ್ಷ ಅದೇ ಮಂಜೂರಾಗಿದೆ, ಅವರ ಅರ್ಜಿಯ ಕಾಪಿ ನಮ್ಮ ಹತ್ತಿರ ಇದೆ. ಊರಿನ ಹೆಸರು ಬದಲಿಸಿದರೆ ಸಾಕು.

"ಯಾವ ಊರು?" ಅಂದರು ಶಂಭುಲಿಂಗಪ್ಪ ಮೇಷ್ಟ್ರು. ರಿಟೈರಾದ ಮೇಲೂ ಹಾಜರಿ ಪುಸ್ತಕ ಅವರ ಕೈಯಲ್ಲೇ.

"ಪುಣಜನೂರು ಕಡೆ ಯಾವ್ದಾರ ಹಾಕಿ. ಕಾಡಂಚು ಅಂದ್ರೆ ಫಾರಿನ್‌ನೋರು ಬುಡದೇ ಇಲ್ಲ."

ಅಧ್ಯಕ್ಷರ ಈ ಮಾತಿಗೆ ಎಲ್ಲರೂ ನಕ್ಕರು. ಜೊತೆಗೊಂದು ವಿದೇಶಿ ಕ್ಲಬ್ಬು ಬೇಕೆಂಬುದು ನಿಯಮ. ಡೆನ್ಮಾರ್ಕಿನದೊಂದು ಒಪ್ಪಿದೆ. ಪುಣಜನೂರು ದಾಟಿ, ಹೆದ್ದಾರಿಯಿಂದ ಒಳಕ್ಕೆ ಒಂದು ಮೈಲಿಯ ಮಣ್ಣು ದಾರಿ ಇರುವ ಒಂದು ದೊಡ್ಡಿಯನ್ನು, ಸಣ್ಣ ಹಳ್ಳಿಯನ್ನು, ಮ್ಯಾಪಿನಲ್ಲಿ ನಾನೇ ಹುಡುಕಿದೆ. ಇನ್ನು ಉಳಿದಿದ್ದು ಒಂದೇ — ಊರಿನವರನ್ನು ಕೇಳಿದ ದಾಖಲೆ. ಮನೆಗೊಂದರಂತೆ ನೂರು ಹಾಳೆ. ಸರ್ವೆಗೆ ಫ್ಯಾಕ್ಟರಿಯಿಂದ ಇಬ್ಬರು ಹುಡುಗಿಯರನ್ನು ಕಳಿಸುತ್ತೇನೆ ಅಂದರು ಶಿವರುದ್ರಸ್ವಾಮಿ.

ಸೆಪ್ಟೆಂಬರ್ 26, ಗುರುವಾರ

ಕಳಿಸಲಿಲ್ಲ. ಸೋಮವಾರ ಅರ್ಜಿಗೆ ಕಡೆಯ ದಿನ.

ಹಾಳೆಗಳನ್ನು ಮನೆಗೆ ತಂದೆ. ಪ್ರೆಸ್ಸಿನಿಂದ ಪೆನ್ನುಗಳನ್ನೂ — ನೀಲಿ, ಕಪ್ಪು, ಹಸಿರು, ಒಂದು ಪೆನ್ಸಿಲ್. ಹೆಂಡತಿ ಶಬೀನಾ ಚಹಾ ತಂದಿಟ್ಟು ನೋಡಿದಳು. "ಇತ್ತೇ ಪೆನ್ನಾಂ ಕಾಯ್ಕು ಜೀ?" ಇಷ್ಟೊಂದು ಪೆನ್ನು ಯಾಕೆ ಅಂತ. ನಾನು ಹಸಿರು ಪೆನ್ನಿನ ಕ್ಯಾಪು ತೆಗೆದೆ.

ಕೆಲವನ್ನು ಎಡಗೈಯಲ್ಲಿ ಬರೆದೆ. ಕೆಲವಕ್ಕೆ ಹೆಬ್ಬೆಟ್ಟು. ಚಿಕ್ಕಬಸವಯ್ಯ, 61. ಶಾಂತಮಲ್ಲಮ್ಮ, 34. ಮೊದಮೊದಲು ಕೈ ತಡೆಯುತ್ತಿತ್ತು, ಇಪ್ಪತ್ತರ ಹೊತ್ತಿಗೆ ಸಲೀಸಾಯಿತು.

ನಲವತ್ತೇಳು: ಗುರುಮಲ್ಲಮ್ಮ, 66. ನಿಮ್ಮ ಮುಖ್ಯ ತೊಂದರೆ? ಬರೆದೆ — ಎರಡು ಕೊಡ ಹೊತ್ತು ಬರುವಾಗ ಮೂರು ಕಡೆ ಇಳಿಸುತ್ತೇನೆ. ಮೂರನೆಯ ಕಡೆ ಇಳಿಸಿದ ಮೇಲೆ ಎತ್ತಲು ಮನಸ್ಸು ಬರುವುದಿಲ್ಲ.

ಬರೆದ ಮೇಲೆ ಗೊತ್ತಾಯಿತು. ಇದು ಅಮ್ಮಿಯ ಮಾತು. ಗಾಳಿಪುರದ ಬೀದಿ ನಲ್ಲಿಯಿಂದ ನೀರು ತರುತ್ತಿದ್ದ ನನ್ನ ತಾಯಿ ಅಮೀರುನ್ನೀಸಾಳದು. ಅವಳಿಗೆ ಇದನ್ನು ಯಾವ ಫಾರಮ್ಮೂ ಕೇಳಿರಲಿಲ್ಲ. ಹರಿದು ಹಾಕಬೇಕಿತ್ತು. ಮುಂದಿನ ಹಾಳೆ ತೆಗೆದುಕೊಂಡೆ.

ನವೆಂಬರ್ 12, ಮಂಗಳವಾರ

ಡೆನ್ಮಾರ್ಕಿನ ಕ್ಲಬ್ಬಿನ ಇಂಗರ್ ಎಂಬಾಕೆಯ ಮೇಲ್. ನೂರು ಹಾಳೆಯನ್ನೂ ಅನುವಾದ ಮಾಡಿಸಿ ಓದಿದ್ದಾಳೆ. ಯಾರೂ ಓದುತ್ತಾರೆಂದು ನಾವು ಎಣಿಸಿರಲಿಲ್ಲ. ನಲವತ್ತೇಳನೆಯದನ್ನು ತಮ್ಮ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದಳಂತೆ. ಮಂಜೂರಾತಿಗೆ ಮುಂಚೆ ಆ ಗುರುಮಲ್ಲಮ್ಮನ ಜೊತೆ ವೀಡಿಯೊದಲ್ಲಿ ಮಾತಾಡಬೇಕು. ಅನುವಾದಕ್ಕೆ ನಾನು.

ಶಿವರುದ್ರಸ್ವಾಮಿಗೆ ಫೋನ್ ಮಾಡಿದೆ. ನಕ್ಕರು. "ಆ ಕಡೆ ಮನೆಗೊಬ್ಳು ಗುರುಮಲ್ಲಮ್ಮ ಸಿಕ್ತಾಳೆ, ಓಗಿ ಕರ್ಕಂಡ್ ಬನ್ನಿ."

ನವೆಂಬರ್ 14, ಗುರುವಾರ

ಸಿಕ್ಕಳು. ಮೂರನೆಯ ಮನೆಯಲ್ಲೇ.

ಎಪ್ಪತ್ತರ ಆಸುಪಾಸು. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಮೊಮ್ಮಗಳು ಭವ್ಯ — ಚಾಮರಾಜನಗರದ ಕಾಲೇಜಿನಲ್ಲಿ ಎರಡನೇ ಬಿಕಾಂ. ಮನೆ ಮುಂದೆಯೇ ನಲ್ಲಿ. ನಾನು ನೋಡುತ್ತಿದ್ದಂತೆಯೇ ನೀರು ಬಂತು. ಬಿಂದಿಗೆ ತುಂಬಿ ಹೊರಚೆಲ್ಲಿತು.

ನೀರಿನ ಮಿಷನ್ ವಿಷಯ ಹೇಳಿದೆ.

"ನೀರ್ಗೇನಪ್ಪ, ದಿನಾ ಬತ್ತದ. ಈ ನೀರ ಕುಡ್ದೇ ಇಷ್ಟು ವರ್ಸ ಗಟ್ಯಾಗಿವ್ನಿ. ಮಿಶೀನು ಬ್ಯಾಡ ಅನ್ನಕಿಲ್ಲ, ಮಡಗಿ. ನಮ್ಗ ಬೇಕಾಗಿರದು ಆ ದಾರೀಲಿ ದೀಪ."

ಹೆದ್ದಾರಿಗೆ ಹೋಗುವ ಮಣ್ಣು ದಾರಿ. ಆನೆ ದಾಟುತ್ತದೆ. ಬೆಳಗಿನ ಆರೂಕಾಲಿನ ಬಸ್ಸಿಗೆ ಕತ್ತಲಲ್ಲೇ ಮನೆ ಬಿಡಬೇಕು. ಅದು ತಪ್ಪಿದರೆ ಮುಂದಿನದು ಒಂಬತ್ತೂವರೆಗೆ, ಕಾಲೇಜಿಗೆ ತಡ. ದೀಪಾವಳಿಯ ವಾರ ಪಕ್ಕದ ಮನೆಯ ಶಿವಣ್ಣನನ್ನು ಆ ದಾರಿಯಲ್ಲೇ ಆನೆ ಎತ್ತಿ ಎಸೆಯಿತು. ಬದುಕಿದ್ದಾನೆ, ಹಾಸಿಗೆಯಲ್ಲಿ. ಅಂದಿನಿಂದ ಭವ್ಯ ಕಾಲೇಜಿಗೆ ಹೋಗಿಲ್ಲ. ಹಾಜರಾತಿ ಕಮ್ಮಿಯೆಂದು ಕಾಲೇಜಿನಿಂದ ಕಾಗದ ಬಂದಿದೆ. ಜನವರಿ ಕೊನೆಯೊಳಗೆ ಹೋಗದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ.

"ಆನ ನಿಂತದೋ ಇಲ್ವೋ ಅಂತ್ಲೇ ಕಾಣಕಿಲ್ಲ ಕಣಪ್ಪ. ದೀಪ ಇದ್ರ ನಿಂತಿರದಾರ ಕಂಡಾತು, ಈ ಕೂಸ ಕಳಿಸ್ಬೋದು."

ಭವ್ಯ ನನ್ನ ಕೈಲಿದ್ದ ಖಾಲಿ ಸರ್ವೆ ಹಾಳೆಗಳ ಕಟ್ಟನ್ನು ನೋಡುತ್ತಿದ್ದಳು. ವೀಡಿಯೊದಲ್ಲಿ ಹಿಂದೆ ಕಾಣಲೆಂದು ತಂದಿದ್ದು. ಅಲ್ಲೇ ಬಿಟ್ಟು ಬಂದೆ.

ನವೆಂಬರ್ 23, ಶನಿವಾರ, ಸಂಜೆ

ಮೂರು ಗಂಟೆಗೆ ವೀಡಿಯೊ. ಸಿಗ್ನಲ್ಲಿಗಾಗಿ ಜಗಲಿಯ ಮೂಲೆಯಲ್ಲಿ ಕೂತೆವು. ಪರದೆಯಲ್ಲಿ ಬಿಳಿಕೂದಲಿನ ಇಂಗರ್, ಹಿಂದೆ ಏಳೆಂಟು ಮಂದಿ. ಕೈಮುಗಿದರು. ಗುರುಮಲ್ಲಮ್ಮ ಸೆರಗು ಸರಿಮಾಡಿಕೊಂಡಳು.

ನಿಮಗೆ ಅತ್ಯಂತ ಅಗತ್ಯವಾದದ್ದು ಯಾವುದು ಎಂದು ಇಂಗರ್ ಕೇಳಿದಳು. ನಾನು ಕನ್ನಡದಲ್ಲಿ ಸರಿಯಾಗಿಯೇ ಕೇಳಿದೆ. ಗುರುಮಲ್ಲಮ್ಮ ಮೊನ್ನೆ ಹೇಳಿದ್ದನ್ನೇ ಹೇಳಿದಳು — ದಾರಿ, ದೀಪ, ಆನೆ, ಕೂಸು. ದೀರ್ಘವಾಗಿ, ಕೈಯಾಡಿಸಿ.

ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ನಲವತ್ತೇಳನೆಯ ಹಾಳೆಯನ್ನು ಇಂಗ್ಲಿಷಿನಲ್ಲಿ ಹೇಳಿದೆ. ಎರಡು ಕೊಡ, ಮೂರು ಕಡೆ. ನನ್ನ ದನಿ ನಿಜವಾಗಿಯೂ ನಡುಗಿತು. ಅಮ್ಮಿ ನೆನಪಾದದ್ದು ಸುಳ್ಳಲ್ಲ. ಇಂಗರ್ ಕನ್ನಡಕ ತೆಗೆದು ಒರೆಸಿಕೊಂಡಳು.

ಕಾರಿನವರೆಗೆ ಭವ್ಯ ಬಂದಳು.

"ಸಾರ್. ಅಜ್ಜಿ ಅಂಗ್ ಯೋಳ್ನಿಲ್ಲ."

ಕೀಲಿ ಹುಡುಕುತ್ತಿದ್ದೆ.

"ಇಂಗ್ಲಿಷು ನಂಗೂ ಅರ್ಥಾಯ್ತದ ಸಾರ್."

ಗೊತ್ತಮ್ಮ, ಅಂದೆ. ಕಾರು ಹತ್ತಿದೆ. ಪುಣಜನೂರು ಚೆಕ್‌ಪೋಸ್ಟಿನಲ್ಲಿ ಕಾರು ನಿಲ್ಲಿಸಿ ಏನಿದೆ ಅಂದರು. ಏನೂ ಇಲ್ಲ ಅಂದೆ.

ಜನವರಿ 9, ಗುರುವಾರ

ಮಂಜೂರು. ವಾಟ್ಸಾಪ್ ಗ್ರೂಪಿನಲ್ಲಿ ನಲವತ್ತು ಹೆಬ್ಬೆಟ್ಟು. ಶಿವರುದ್ರಸ್ವಾಮಿ ಮೈಸೂರ್‌ಪಾಕ್ ಕಳಿಸಿದರು. ಇಪ್ಪತ್ತರಂದು ಒಪ್ಪಂದಕ್ಕೆ ಸಹಿ. ಸರ್ವೆ ನೈಜವೆಂದು ದೃಢೀಕರಿಸುವ ಸಾಲಿನ ಕೆಳಗೆ ನನ್ನ ಹೆಸರು ಮೊದಲೇ ಅಚ್ಚಾಗಿದೆ. ಫಾಂಟು ಚೆನ್ನಾಗಿಲ್ಲ.

ಒಂದೂವರೆ ತಿಂಗಳು ಈ ಡೈರಿಯಲ್ಲಿ ಏನೂ ಬರೆದಿಲ್ಲ. ಈಗ ನೋಡಿಕೊಂಡೆ.

ಜನವರಿ 15, ಬುಧವಾರ

ಮಧ್ಯಾಹ್ನ ಪ್ರೆಸ್ಸಿಗೆ ಭವ್ಯ ಬಂದಳು. ಹಗಲಿನ ಬಸ್ಸಿನಲ್ಲಿ. ಪ್ಲಾಸ್ಟಿಕ್ ಕವರಿನಿಂದ ಒಂದು ಕಟ್ಟು ತೆಗೆದು ಕೌಂಟರಿನ ಮೇಲಿಟ್ಟಳು. ನಾನು ಬಿಟ್ಟು ಬಂದಿದ್ದ ಹಾಳೆಗಳು.

"ಎಲ್ಲಾ ಮನೆಗೂ ಓಗಿ ಕೇಳ್ದಿ ಸಾರ್. ಅರವತ್ತೊಂದ್ ಮನ ಅವ. ಮೂವತ್ತೊಂಬತ್ತ್ ಹಾಳ ಮಿಕ್ಕದ, ಅದ್ನೂ ಮಡಗಿವ್ನಿ."

"ಯಾಕಮ್ಮ ಕೇಳಿದೆ?"

"ಫಾರಮ್ಮಲ್ಲಿ ಅಂಗೇ ಬರ್ದಿತ್ತಲ್ಲ ಸಾರ್, ಮನೆಮನೆಗೆ ಓಗಿ ಕೇಳಿ ಅಂತ."

ಚಹಾ ತರಿಸಿದೆ. ಕುಡಿಯಲಿಲ್ಲ, ಬಸ್ಸಿಗೆ ಹೊತ್ತಾಗುತ್ತದೆ ಅಂದಳು. ಬಾಗಿಲಲ್ಲಿ ನಿಂತು ಅಂದಳು, "ಈ ವರ್ಸ ನನ್ಗೆ ಓಯ್ತು ಸಾರ್, ದೀಪ ಅಷ್ಟರಾಗೆ ಬರಾಕಿಲ್ಲ. ನಮ್ ಬೀದೀಲಿ ಇನ್ನೂ ನಾಕ್ ಜನ ಹುಡ್ಗೀರು ಪಿಯುಸಿಗೆ ಬತ್ತಾವ್ರೆ."

ಲೆಕ್ಕ ಹಾಕಿದೆ. ಅರವತ್ತೊಂದು ಮನೆಯ ಊರಿಗೆ ನಾನು ನೂರು ಮನೆ ಬರೆದಿದ್ದೆ.

ಎರಡೂ ಕಟ್ಟು ಪಕ್ಕಪಕ್ಕ ಇಟ್ಟು ನೋಡಿದೆ. ನನ್ನದರಲ್ಲಿ ನೂರು ಥರದ ಕೈಬರಹ. ಅವಳದೆಲ್ಲ ಒಂದೇ ನೀಲಿ ಪೆನ್ನು, ಒಂದೇ ದುಂಡು ಅಕ್ಷರ; ಐವತ್ತೆಂಟು ಕಡೆ ಒಂದೇ ಉತ್ತರ. ಗೊತ್ತಿಲ್ಲದವರ ಮುಂದಿಟ್ಟರೆ ಸುಳ್ಳು ಯಾವುದೆಂದು ತಕ್ಷಣ ಹೇಳುತ್ತಾರೆ. ಅವಳದು ಅನ್ನುತ್ತಾರೆ.

ಜನವರಿ 17, ಶುಕ್ರವಾರ

ಜುಮ್ಮಾ ನಮಾಜು ಮುಗಿಸಿ ಬದನಗುಪ್ಪೆಗೆ ಹೋದೆ. ಶಿವರುದ್ರಸ್ವಾಮಿ ಎಲ್ಲವನ್ನೂ ಕೇಳಿದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು.

"ಸಾಬ್ರೆ, ಒಂದು ಯೋಳಿ. ಬದಲಾಯಿಸ್ತೀವಿ ಅಂದ್ರೆ ಯಾಕೆ ಅಂತ ಕೇಳ್ತಾರೆ. ಸರ್ವೆ ಸುಳ್ಳು ಅಂದ್ರೆ ಕ್ಲಬ್ಬು ಅನರ್ಹ, ಮೂರು ವರ್ಷ. ಆಸ್ಪತ್ರೆಗೆ ಕಣ್ಣಿನ ಮಿಷನ್ ಕೊಡನ ಅಂತಿದ್ದೋ, ಅದೂ ಓಯ್ತದೆ. ಒಂದ್ ದಾರಿ ದೀಪಕ್ಕೆ?"

"ಅವರು ಕೇಳಿದ್ದು ಅದನ್ನೇ."

"ದೀಪ ಪಂಚಾಯ್ತಿ ಹಾಕ್ತದೆ ಬುಡಿ. ನೀರು ಕುಡುದ್ರೆ ಯಾರಿಗಾದ್ರೂ ಕೆಟ್ಟದಾದದಾ?"

ಆಗುವುದಿಲ್ಲ. ಅದೇ ತೊಂದರೆ.

ಗೇಟಿನವರೆಗೆ ಬಂದರು. "ಮುಂದಿನ ಆಗಸ್ಟು ತರಬೇತಿಗೆ ನಾನೇ ಕೂರ್ತೀನಿ, ನಾಕ್ ಗಂಟೆ ತನಕ. ಆಣೆ." ನಗಿಸಲು ಹೇಳಿದ್ದು. ನಕ್ಕೆ. ಹದಿನೆಂಟು ವರ್ಷದ ಪರಿಚಯ.

ಜನವರಿ 19, ಭಾನುವಾರ, ಬೆಳಿಗ್ಗೆ 11

ನಾಳೆ ಸಹಿ.

ಪ್ರೆಸ್ಸು ರಜೆ, ಆದರೂ ಬಂದು ಕೂತಿದ್ದೇನೆ. ಭವ್ಯಳ ಅರವತ್ತೊಂದೂ ಹಾಳೆ ಸ್ಕ್ಯಾನ್ ಆದವು. ಅವಳ ನಲವತ್ತೇಳನೆಯದು ಅವಳದೇ ಮನೆ. ಕಡೆಗೆ ಇಟ್ಟುಕೊಂಡಿದ್ದಳೇನೋ, ಆಮೇಲೂ ಹದಿನಾಲ್ಕು ಮನೆ ಸಿಕ್ಕಿರಬೇಕು. ನನ್ನ ಸಂಖ್ಯೆ ಅವಳಿಗೆ ಗೊತ್ತಿರಲು ಸಾಧ್ಯವಿಲ್ಲ. ಮುಖ್ಯ ತೊಂದರೆ ಎಂಬಲ್ಲಿ ಅಜ್ಜಿಯ ಮಾತು, ಅಜ್ಜಿ ಆಡಿದ ಹಾಗೆಯೇ. ನೀರು ಎಂಬ ಕಾಲಮ್ಮಿನಲ್ಲಿ: ಬರುತ್ತದೆ.

ಶಬೀನಾ ಫೋನ್ ಮಾಡಿದಳು, ಊಟಕ್ಕೆ ಬರುತ್ತೀರಾ ಎಂದು. ಬರುತ್ತೇನೆ, ಒಂದು ಅನುವಾದ ಬಾಕಿ ಇದೆ ಅಂದೆ.

ನನ್ನ ನಲವತ್ತೇಳನ್ನೂ ಲಗತ್ತಿಸಬೇಕೇ? ಅದು ಯಾರ ಮಾತೆಂದು ಬರೆಯಬೇಕಾಗುತ್ತದೆ. ಬರೆಯುವುದು. ಅಮ್ಮಿಯ ಹೆಸರಲ್ಲೇ ಇರಲಿ.

ಡಿಯರ್ ಇಂಗರ್ ಎಂದು ಟೈಪ್ ಮಾಡಿ ಬಹಳ ಹೊತ್ತಾಯಿತು. ಇಂಗ್ಲಿಷ್ ಬರುತ್ತಿಲ್ಲ. ಇಲ್ಲಿ ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಮಾಡಿದರಾಯಿತು.

ನವೆಂಬರ್ 23ರಂದು ನೀವು ಕೇಳಿದಿರಿ, ನಿಮಗೆ ಅತ್ಯಂತ ಅಗತ್ಯವಾದದ್ದು ಯಾವುದು ಎಂದು. ಆ ದಿನ ಗುರುಮಲ್ಲಮ್ಮ ಹೇಳಿದ್ದು —