ತಡೆಸಹಿ

ಹಿಂಬೇಸಿಗೆಯ ಮೂವತ್ತೆಂಟನೆಯ ದಿನ, ಇಸವಿ ಎರಡು ಸಾವಿರದ ನೂರ ತೊಂಬತ್ತೊಂದು
ಕಪ್ಪತಗುಡ್ಡದ ಕೆಳಗಿನ ತಂಪುಮನೆಯಿಂದ

ಡಿಪ್ಲೊಮಾ ಮುಗಿಸಿ, ನೋಂದಣಿಯಾಗಿ, ಇಂದು ಯಾವುದೋ ವಾರ್ಡಿನಲ್ಲಿ ಕೆಲಸಕ್ಕೆ ನಿಂತಿರುವ ನರ್ಸ್ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ,

ಮೇಲಿನ ತಾರೀಖು ನಿಮಗೆ ತಪ್ಪಾಗಿ ಕಾಣಬಹುದು. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ, ಮುಂಬೇಸಿಗೆ ಮತ್ತು ಹಿಂಬೇಸಿಗೆ. ತಿಂಗಳ ಹೆಸರುಗಳು ಹಬ್ಬಗಳಿಗೆ ಮಾತ್ರ ಉಳಿದಿವೆ. ನನ್ನ ಬರಹದಲ್ಲಿ ಗುರುತಿಲ್ಲದ ಶಬ್ದ ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನನ್ನ ಹೆಸರು ಇಂದುಮತಿ ಕೊಣ್ಣೂರ. ನಾನೂ ನಿಮ್ಮಂತೆ ಡಿಪ್ಲೊಮಾ ನರ್ಸ್ ಆಗಿಯೇ ಕೆಲಸಕ್ಕೆ ಸೇರಿದವಳು. ಈ ಕಾಗದ ಹಿಂದಿನ ಕಾಲದಲ್ಲಿರುವ ನಿಮ್ಮ ಕೈಸೇರುತ್ತದೆಯೋ ಇಲ್ಲವೋ ಅರಿಯೆ.

ತಂಪುಮನೆ ಎಂದರೆ ಆಸ್ಪತ್ರೆ. ಗುಡ್ಡದ ಬುಡ ಕೊರೆದು ನೆಲದಡಿಯಲ್ಲಿ ಕಟ್ಟಿದ್ದಾರೆ, ಮೇಲಿನ ಬಿಸಿಲಿನಲ್ಲಿ ರೋಗಿ ಬದುಕುವುದಿಲ್ಲ. ಉಳ್ಳವರ ಮನೆಗಳೂ ನೆಲದಡಿಯಲ್ಲೇ ಇವೆ. ಅದಕ್ಕೆ ಕೆಳಕೇರಿ ಎನ್ನುತ್ತೇವೆ. ಗಾಳಿಯಂತ್ರಗಳ ರೆಕ್ಕೆ ಉಜ್ಜುವವರು, ನೀರಿನ ಕೊಳವೆ ಕಾಯುವವರು ಇನ್ನೂ ಮೇಲೆಯೇ ಇದ್ದಾರೆ, ಮೇಲ್ಕೇರಿಯಲ್ಲಿ. ತಂಪಿನ ಹಾಸಿಗೆಗಳು ಎಂದೂ ಸಾಲುವುದಿಲ್ಲ. ಹಾಗಾಗಿ ಯಾರಿಗೆ ಹಾಸಿಗೆ ಎಂದು ಒಂದು ಯಂತ್ರ ತೀರ್ಮಾನಿಸುತ್ತದೆ. ಅದಕ್ಕೆ ಜನ ಇಟ್ಟ ಹೆಸರು ತಕ್ಕಡಿ. ಪ್ರತಿ ಹಾಸಿಗೆಯ ಮೇಲೂ ಒಂದು ದೀಪವಿದೆ. ಹಸಿರಿದ್ದರೆ ರೋಗಿ ಉಳಿಯುತ್ತಾನೆ. ಕಂದು ಬಣ್ಣಕ್ಕೆ ತಿರುಗಿದರೆ ಚಕ್ರದ ಮಂಚ ತಾನಾಗಿ ಬಂದು ಅವನನ್ನು ಮೇಲಕ್ಕೆ ಒಯ್ಯುತ್ತದೆ. ಸಾಯಿಸುವುದು ಎಂಬ ಶಬ್ದವನ್ನು ಇಲ್ಲಿ ಯಾರೂ ಬಳಸುವುದಿಲ್ಲ. ಮೇಲಕ್ಕೆ ಕಳಿಸಿದರು ಎನ್ನುತ್ತೇವೆ, ಅಷ್ಟೇ.

ಇದಕ್ಕೆ ಒಂದೇ ಒಂದು ಅಡ್ಡಿಯಿದೆ. ಬಿ.ಎಸ್ಸಿ. ನರ್ಸಿಂಗ್ ಪದವಿ ಪಡೆದ ನರ್ಸ್ ರೋಗಿಯನ್ನು ತಾನೇ ನೋಡಿ, ಕಾರಣ ಕೊಟ್ಟು ಸಹಿ ಹಾಕಿದರೆ ತಕ್ಕಡಿ ನಿಲ್ಲಲೇಬೇಕು. ದೂರದ ವೈದ್ಯರು ಗೋಡೆಯ ಪರದೆಯ ಮೇಲೆ ಬಂದು ನೋಡುವವರೆಗೆ ರೋಗಿಯನ್ನು ಕದಲಿಸುವಂತಿಲ್ಲ. ಇದು ತಡೆಸಹಿ. ಡಿಪ್ಲೊಮಾದವರಿಗೆ ಈ ಹಕ್ಕಿಲ್ಲ. ಇದನ್ನು ಹೋರಾಡಿ ಪಡೆದವರು ನಿಮ್ಮ ನಂತರದ ತಲೆಮಾರಿನ ನರ್ಸುಗಳು ಎಂದು ನಮಗೆ ಕಲಿಸಿದ್ದರು.

ನಾನು ಸೇರಿದಾಗ ನಮ್ಮಲ್ಲಿ ಪದವಿಯವರೆಂದರೆ ಎಸ್ತೇರ್ ಅಕ್ಕೋರು ಒಬ್ಬರೇ. ಗಟ್ಟಿ ದನಿಯ, ತೆಳ್ಳನೆಯ ಹೆಂಗಸು. ತಾವು ಮನೆಗೆ ಹೋದರೆ ಸಹಿ ಹಾಕುವವರಿಲ್ಲ ಎಂದು ವಾರ್ಡಿನ ಮೂಲೆಯಲ್ಲೇ ಮಲಗುತ್ತಿದ್ದರು. ನನ್ನನ್ನು ಕಂಡಾಗಲೆಲ್ಲ, "ಇಂದೂ, ಓದಿಕೋವಾ. ನಾ ಏನ್ ಇಲ್ಲೇ ಗೂಟಾ ಹೊಡಕೊಂಡ ಇರ್ತೀನೇನ?" ಎನ್ನುತ್ತಿದ್ದರು. ಕೆಲಸ ಗೊತ್ತಿದೆ, ಸಂಸಾರವಿದೆ, ಇನ್ನು ಓದೇಕೆ ಎಂದು ನಾನು ನಕ್ಕು ಮುಂದೆ ಹೋಗುತ್ತಿದ್ದೆ. ಒಂದು ಮುಂಬೇಸಿಗೆಯಲ್ಲಿ ಎಸ್ತೇರ್ ಅಕ್ಕೋರು ತೀರಿಕೊಂಡರು.

ಅವರನ್ನು ಮಣ್ಣು ಮಾಡಿ ಬಂದ ವಾರದಲ್ಲೇ ಹನುಮವ್ವ ಎಂಬ ಮೇಲ್ಕೇರಿಯ ಹೆಂಗಸಿನ ದೀಪ ಕಂದಾಯಿತು. ಜ್ವರ ಇಳಿಯುತ್ತಿತ್ತು, ಕಣ್ಣು ತೆರೆದಿದ್ದಳು. ಅವಳ ಮಗಳು ನನ್ನ ಸೆರಗು ಹಿಡಿದು ಬೇಡಿಕೊಂಡಳು.

"ಸಿಸ್ಟರ್, ನಮ್ಮವ್ವ ಈಗರ ನೀರ ಕೇಳಿದ್ಲರಿ. ನೀವೊಂದು ಸಹಿ ಹಾಕ್ರೆಲಾ."

"ನನ್ನ ಸಹಿ ನಡ್ಯಂಗಿಲ್ಲವಾ."

"ಯಾಕ್ರಿ? ನೀವು ಸಿಸ್ಟರ್ ಅಲ್ಲೇನ್ರಿ?"

ನಾನು ಹಾಕಿಯೂ ನೋಡಿದೆ. ಪರದೆ ನನ್ನ ಹೆಸರನ್ನು ತೆಗೆದುಕೊಳ್ಳಲಿಲ್ಲ. ಚಕ್ರದ ಮಂಚ ಬಂತು. ಹನುಮವ್ವ ತನ್ನನ್ನು ಮನೆಗೆ ಒಯ್ಯುತ್ತಿದ್ದಾರೆ ಎಂದುಕೊಂಡು ನಗುತ್ತಾ ಹೋದಳು.

ಆ ವರ್ಷವೇ ಧಾರವಾಡಕ್ಕೆ ಹೋದೆ. ಗಂಡನ ಮನೆಯಲ್ಲಿ ಜಗಳವಾಯಿತು, ಮಗಳನ್ನು ಅವ್ವನ ಹತ್ತಿರ ಬಿಟ್ಟೆ. ಕಾಲೇಜಿನ ಉದ್ದನೆಯ ಕೋಣೆಯಲ್ಲಿ ಬೆಂಚುಗಳೇ ಹೆಚ್ಚು, ಓದುವವರು ಬೆರಳೆಣಿಕೆಯಷ್ಟು. ಡಿಪ್ಲೊಮಾದಲ್ಲಿ ನನ್ನ ಕೈ ಕಲಿತಿತ್ತು: ಸೂಜಿ ಎಲ್ಲಿ ಚುಚ್ಚಬೇಕು, ಗಾಯ ಹೇಗೆ ಕಟ್ಟಬೇಕು, ಹೆಣದ ಕಣ್ಣು ಹೇಗೆ ಮುಚ್ಚಬೇಕು. ಇಲ್ಲಿ ನನಗೆ ಪ್ರಶ್ನೆ ಕೇಳಲು ಕಲಿಸಿದರು. ಸಂಶೋಧನೆ, ಅಂಕಿಅಂಶ ಎಂಬ ವಿಷಯಗಳು ಮೊದಲು ನನ್ನ ಕಣ್ಣಲ್ಲಿ ನೀರು ತರಿಸಿದವು. ಪಾಠ ಹೇಳುತ್ತಿದ್ದ ಭಾಗೀರಥಿ ಮೇಡಂ ಒಂದು ದಿನ, ತಕ್ಕಡಿಗೆ ತೂಗುವುದನ್ನು ಯಾರು ಕಲಿಸಿದರು ಎಂದು ಕೇಳಿದರು. ಉತ್ತರ ಹುಡುಕುತ್ತಾ ಹಳೆಯ ದಾಖಲೆಗಳನ್ನು ತೆಗೆದು ನೋಡಿದೆ. ಹಿಂದಿನ ಸಾವುಗಳನ್ನು ತೋರಿಸಿ ಅದಕ್ಕೆ ಕಲಿಸಿದ್ದರು. ಮೇಲ್ಕೇರಿಯವರಿಗೆ ಮೊದಲಿಂದಲೂ ಹಾಸಿಗೆ ಸಿಕ್ಕಿರಲಿಲ್ಲ, ಹಾಗಾಗಿ ಅವರು ಹೆಚ್ಚು ಸತ್ತಿದ್ದರು. ಅವರು ಹೆಚ್ಚು ಸಾಯುತ್ತಾರೆಂದು ಕಲಿತ ತಕ್ಕಡಿ ಈಗ ಅವರಿಗೆ ಹಾಸಿಗೆ ಕೊಡುತ್ತಿರಲಿಲ್ಲ. ಅದಕ್ಕೆ ಯಾರ ಮೇಲೂ ದ್ವೇಷವಿಲ್ಲ. ದ್ವೇಷವಿದ್ದಿದ್ದರೆ ಎಂದಾದರೊಂದು ದಿನ ಅದಕ್ಕೂ ಬೇಸರ ಬರುತ್ತಿತ್ತು.

ಪದವಿ ಪಡೆದು ಬಂದ ಮೇಲೆ ನನ್ನ ಮೊದಲ ತಡೆಸಹಿ ಸೋನಾಬಾಯಿಗೆ. ಗಾಳಿಯಂತ್ರದ ರೆಕ್ಕೆ ಉಜ್ಜುವಾಗ ಬಿಸಿಲು ಬಡಿದು ಬಿದ್ದವಳು. ಮೂತ್ರಪಿಂಡ ಸೋತಿತ್ತು, ದೀಪ ಕಂದಾಯಿತು. ನಾನು ಸಹಿ ಹಾಕಿದೆ. ಬಾಗಿಲವರೆಗೆ ಬಂದಿದ್ದ ಮಂಚ ಅಲ್ಲೇ ನಿಂತಿತು. ಗೋಡೆಯ ಮೇಲೆ ಡಾಕ್ಟರ್ ಪಾರ್ಶ್ವನಾಥ ಅವರ ಮುಖ ಮೂಡಿತು.

"ಕಾರಣ ಹೇಳ್ರಿ ಸಿಸ್ಟರ್."

"ಮುಂಜಾನಿಂದ ಮೂತ್ರ ಚಲೋ ಬರಾಕತ್ತೈತ್ರಿ ಸರ್. ರಕ್ತದ ಪರೀಕ್ಷೆನೂ ಸುಧಾರಿಸೇತಿ. ತಕ್ಕಡಿ ಆಕಿ ಮೈ ತೂಗಿಲ್ರಿ, ಆಕಿ ಓಣಿ ತೂಗೇತಿ."

ಅವರು ಬಹಳ ಹೊತ್ತು ವರದಿಗಳನ್ನು ನೋಡಿದರು. "ಹೌದು, ಈಕಿ ಉಳೀತಾಳ. ಇಲ್ಲೇ ಇರಲಿ," ಎಂದರು. ಆಮೇಲೆ ದನಿ ತಗ್ಗಿಸಿ, "ನಮ್ಮನ್ನ ಯಾರೂ ಕರೆಯೋದೇ ಇಲ್ಲ ಸಿಸ್ಟರ್," ಎಂದರು. ಸೋನಾಬಾಯಿ ನಡೆದುಕೊಂಡೇ ಮನೆಗೆ ಹೋದಳು. ಅವಳ ಓಣಿಯಲ್ಲೇ ನಾನೊಂದು ಕೋಣೆ ಹಿಡಿದೆ. ಮನೆಮನೆಗೆ ಹೋಗಿ ಜನರ ಆರೋಗ್ಯ ನೋಡಬೇಕೆಂದು ಕಾಲೇಜು ಕಲಿಸಿತ್ತು. ಬೇನೆ ಬಲಿಯುವ ಮೊದಲೇ ಹಿಡಿದರೆ ತಕ್ಕಡಿಯ ಮುಂದೆ ಹೋಗುವವರೇ ಕಡಿಮೆಯಾಗುತ್ತಾರೆ ಎಂಬುದು ನನ್ನ ಆಸೆ.

ಆದರೆ ತಡೆಸಹಿಗಳು ಹೆಚ್ಚಿದಂತೆ ಅಧಿಕಾರಿಗಳಿಗೆ ಕಿರಿಕಿರಿಯಾಯಿತು. ಯಾರೂ ಹಕ್ಕನ್ನು ಕಿತ್ತುಕೊಳ್ಳಲಿಲ್ಲ. ಪದವಿ ತರಗತಿಗೆ ವಿದ್ಯಾರ್ಥಿಗಳು ಬರುತ್ತಿಲ್ಲ ಎಂದು ಅದನ್ನು ಮುಚ್ಚಲು ಆದೇಶ ಮಾಡಿದರು. ಪದವಿಯವರಿಲ್ಲದ ತಂಪುಮನೆಗೆ ತಡೆಸಹಿಯ ನಿಯಮ ಅನ್ವಯಿಸುವುದಿಲ್ಲ ಎಂದು ಇನ್ನೊಂದು ಆದೇಶ. ಎರಡನ್ನೂ ಓದಿದಾಗ ಯಾರಿಗೂ ಸಿಟ್ಟು ಬರಲಿಲ್ಲ. ಎರಡೂ ಅಷ್ಟು ಸಾಧಾರಣವಾಗಿದ್ದವು. ನಮ್ಮ ವಾರ್ಡಿನ ಫರ್ಜಾನಾ ಕೊನೆಯ ತಂಡದಲ್ಲಿ ಓದಿ ಪರೀಕ್ಷೆ ಬರೆದು ಬಂದಿದ್ದಾಳೆ. ಫಲಿತಾಂಶ ಬರಬೇಕು.

ಇದನ್ನೆಲ್ಲ ನಾನು ಹಾಸಿಗೆಯಲ್ಲಿ ಮಲಗಿ ಬರೆಯುತ್ತಿದ್ದೇನೆ. ಮೇಲ್ಕೇರಿಯ ಬಾಣಂತಿಯೊಬ್ಬಳನ್ನು ನೋಡಿ ಬರುವಾಗ ಬಿಸಿಲು ಬಡಿದು ದಾರಿಯಲ್ಲೇ ಬಿದ್ದೆ. ಸೋನಾಬಾಯಿ ಹೊತ್ತು ತಂದಳಂತೆ. ಜ್ವರ ಇಳಿಯುತ್ತಿದೆ, ನಾನು ಉಳಿಯುವವಳೇ ಎಂಬುದು ನನಗೆ ಗೊತ್ತು. ಆದರೆ ನನ್ನ ವಿಳಾಸ ಈಗ ಮೇಲ್ಕೇರಿ. ಮಧ್ಯಾಹ್ನ ನನ್ನ ದೀಪ ಕಂದಾಯಿತು. ಇಲ್ಲಿ ಪದವಿ ಇರುವವಳು ನಾನೊಬ್ಬಳೇ, ತನಗೆ ತಾನೇ ತಡೆಸಹಿ ಹಾಕಿಕೊಳ್ಳಲು ನಿಯಮವಿಲ್ಲ.

ಫರ್ಜಾನಾ ಆಗಿನಿಂದ ಪರದೆಯ ಮುಂದೆ ಹೋಗಿ ಬರುತ್ತಿದ್ದಾಳೆ. "ರಿಸಲ್ಟ್ ಇನ್ನೂ ಬಂದಿಲ್ರಿ ಅಕ್ಕಾ. ನೀವು ಅಂಜಬ್ಯಾಡ್ರಿ," ಎಂದಳು.

ನನ್ನ ಬಿನ್ನಹ ಇಷ್ಟೇ. ವಾರ್ಡಿನ ಕೆಲಸ ಮುಗಿಸಿ ಕಾಲು ಬಾತು ಮನೆಗೆ ಬಂದಾಗ, ಇನ್ನೂ ಓದಿ ಏನಾಗಬೇಕು ಎಂದು ನಿಮಗೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೂ ಹೋಗಿ ಸೇರಿ. ಒಬ್ಬರೇ ಹೋಗಬೇಡಿ, ಜೊತೆಯವರನ್ನೂ ಕರೆದುಕೊಂಡು ಹೋಗಿ. ತರಗತಿಯ ಬೆಂಚುಗಳು ಖಾಲಿಯಾಗಲು ಬಿಡಬೇಡಿ. ಅವು ಖಾಲಿಯಾಗುವುದನ್ನೇ ಕಾಯುವವರು ಇರುತ್ತಾರೆ, ಮತ್ತು ಅವರು ನೋಡಲು ಒಳ್ಳೆಯವರಂತೆಯೇ ಇರುತ್ತಾರೆ.

ಓಣಿಯಂಥ ಈ ಉದ್ದನೆಯ ಹಾದಿಯಲ್ಲಿ ಚಕ್ರಗಳ ಸದ್ದು ಕೇಳುತ್ತಿದೆ. ಫರ್ಜಾನಾ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದಾಳೆ. ಉಳಿದ ಡಿಪ್ಲೊಮಾ ಹುಡುಗಿಯರೂ ಒಬ್ಬೊಬ್ಬರಾಗಿ ಎದ್ದು ಅವಳ ಪಕ್ಕಕ್ಕೆ ಹೋಗುತ್ತಿದ್ದಾರೆ. ಅವರಲ್ಲಿ ಯಾರ ಸಹಿಯೂ ನಡೆಯುವುದಿಲ್ಲ.

ಸದ್ದು ಬಾಗಿಲಿಗೆ ಬಂತು. ಬರುತ್ತೇನೆ.

ಇಂದುಮತಿ